ಕುಂಚಿಗೆಯ ಅಸ್ತರು

ಕಂಪ್ಯೂಟರಿನ ಕೋಣೆಗೆ ಬೂಟು ಕಳಚಿ ಹೋಗುತ್ತಿದ್ದ ಕಾಲ ಅದು. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಬೂಟುಗಳು, ಒಳಗೆ ತಣ್ಣನೆಯ ನೆಲ, ಪ್ರತಿ ಯಂತ್ರಕ್ಕೂ ಹೂವಿನ ಬಟ್ಟೆಯ ಗವಸು. ಆ ಗವಸನ್ನು ತೆಗೆದು, ಮಡಿಚಿ, ತೊಡೆಯ ಮೇಲೆ ಇಟ್ಟುಕೊಂಡ ಮೇಲೆಯೇ ಗುಂಡಿ ಒತ್ತಬೇಕು. ಗಜೇಂದ್ರಗಡದ ನಮ್ಮ ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಕೋಣೆ ಬಿಟ್ಟರೆ ನಾವು ಅಷ್ಟು ಮೆಲ್ಲಗೆ ನಡೆಯುತ್ತಿದ್ದುದು ಅಲ್ಲಿ ಮಾತ್ರ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗಿನ ಒಂದು ಶನಿವಾರ. ಹೆಸರುಕಾಳಿನ ಸುಗ್ಗಿಯ ದಿನಗಳು. ಬೆಳಗಾದದ್ದು ಬೇರೆ ಶನಿವಾರಗಳ ಹಾಗೆಯೇ, ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಅಪ್ಪನದು ಕಾಳಿನ ವ್ಯಾಪಾರ. ಅಂಗಡಿಯಲ್ಲಿ ಜಾಗ ಸಾಲದಾದಾಗ ನಮ್ಮ ಪಡಸಾಲೆಯೇ ಗೋದಾಮು. ನೆಲದ ತುಂಬ ಹೆಸರುಕಾಳು ಹರವಿತ್ತು. ಹಾಸಿಗೆಯಿಂದ ಬಚ್ಚಲಿಗೆ ಹೋಗಬೇಕೆಂದರೆ ಗೋಡೆಗುಂಟ ತುದಿಗಾಲಲ್ಲಿ ಸಾಗಬೇಕು. ಹೊಸ ಕಾಳಿಗೆ ಮೊದಲ ಮಳೆ ಬಿದ್ದ ಮಣ್ಣಿನಂಥದೇ ಒಂದು ವಾಸನೆ ಇರುತ್ತದೆ. ಅದು ಹಾಸಿಗೆ, ಬಟ್ಟೆ, ತಲೆಗೂದಲು ಎಲ್ಲಕ್ಕೂ ಹತ್ತಿಕೊಂಡಿರುತ್ತಿತ್ತು.

ಶನಿವಾರ ಬಿಳಿ ಯೂನಿಫಾರ್ಮು. ಬೂಟಿಗೆ ಬಳಿಯುವ ಬಿಳಿ ಪಾಲಿಶ್ ಮುಗಿದಿತ್ತು. ಸೀಮೆಸುಣ್ಣದ ತುಂಡನ್ನು ಒದ್ದೆ ಮಾಡಿ ಉಜ್ಜಿ ಬಿಸಿಲಿಗಿಟ್ಟೆ. ಅವ್ವ ನನ್ನನ್ನು ಹೊಸ್ತಿಲ ಬಳಿ ಕೂರಿಸಿಕೊಂಡು ಜಡೆ ಹಾಕತೊಡಗಿದಳು. ಕೈಗೆಟುಕುವಷ್ಟು ದೂರದಲ್ಲಿ ಕಾಳಿನ ಹಸಿರು ಹರವು. ನನ್ನ ಬೆರಳು ತಾನಾಗಿಯೇ ಅದರಲ್ಲಿ ಓಡಾಡಿತು. ಮೇಲೆ, ಪಕ್ಕಕ್ಕೆ, ಮತ್ತೆ ಮೇಲೆ.

“ಸಟದ ಕುಂಡ್ರು. ಬೈತಲಿ ಸೊಟ್ಟ ಆಗತೈತಿ,” ಎಂದು ಅವ್ವ ಬಾಚಣಿಕೆಯಿಂದ ನೆತ್ತಿಗೆ ಮೊಟಕಿದಳು. “ಕಾಳಿನ್ಯಾಗ ಏನ ಗೀಚಾಕತ್ತಿ?”

“ಆಮಿ ಹೋಗೂ ದಾರಿ ಬೇ.”

“ಮುಂಜಮುಂಜಾನೆ ಆಮಿ ಹೆಸರ ತಗೀಬ್ಯಾಡ. ಆಮಿ ಮನ್ಯಾಗ ಬಂದರ ಚಲೋ ಅಲ್ಲ.”

“ಅದು ಕಂಪ್ಯೂಟರಿನ್ಯಾಗಿನ ಆಮಿ.”

“ಎಲ್ಲೀದರ ಇರಲಿ. ಸಾಲ್ಯಾಗಽ ಬಿಟ್ಟು ಬಾ ಅದನ್ನ.”

ಆ ಆಮೆಯ ಬಗ್ಗೆ ಹೇಳಬೇಕು. ಅದಕ್ಕೂ ಮುಂಚೆ ನಮ್ಮ ಸಿಸ್ಟರ್ ಲೂಸಿಯವರ ಬಗ್ಗೆ. ಕರಾವಳಿಯವರು, ತೆಳ್ಳಗೆ, ನಡೆಯುವಾಗ ಜಪಮಾಲೆ ಕಿಣಿಕಿಣಿ ಎನ್ನುತ್ತಿತ್ತು. ತರಗತಿಯಲ್ಲಿ ಇಂಗ್ಲಿಷು ಬಿಟ್ಟು ಬೇರೆ ಮಾತಾಡಿದರೆ ಹುಬ್ಬು ಗಂಟಿಕ್ಕುತ್ತಿದ್ದ ಅವರು ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ಕನ್ನಡಕ್ಕೆ ರಿಯಾಯಿತಿ ಕೊಡುತ್ತಿದ್ದರು. ಆ ವರ್ಷ ಜೂನ್‌ನಲ್ಲಿ ಸಾಲೆ ತೆರೆದಾಗ ನಮ್ಮ ಯಂತ್ರಗಳಲ್ಲಿ ಯಾರೋ ನಕಲು ಮಾಡಿ ಹಾಕಿಕೊಟ್ಟ ಪ್ರೋಗ್ರಾಮುಗಳಿದ್ದವು. ಚಿತ್ರ ಬಿಡಿಸುತ್ತಿರುವಾಗ ನಡುವೆಯೇ ಒಂದು ಬೂದುಬಣ್ಣದ ಚೌಕ ಧುತ್ತೆಂದು ಬಂದು, ಇದು ಅಸಲಿ ಪ್ರತಿಯಲ್ಲ ಎಂದು ಗದರುತ್ತಿತ್ತು. ನಮಗೆ ನಗು. ಸಿಸ್ಟರ್ ಲೂಸಿಯವರ ಮುಖ ಮಾತ್ರ ಕಿವಿಯವರೆಗೆ ಕೆಂಪಾಗುತ್ತಿತ್ತು.

“ಕದ್ದದ್ದನ್ನು ಎದುರಿಗಿಟ್ಟುಕೊಂಡು ಮಕ್ಕಳಿಗೆ ಎಂಥ ಕಲಿಸುವುದು?” ಎಂದು ಒಮ್ಮೆ ತಮ್ಮಷ್ಟಕ್ಕೆ ಅಂದುಕೊಂಡದ್ದು ಮೊದಲ ಬೆಂಚಿನ ನಮಗೆ ಕೇಳಿಸಿತ್ತು.

ಜುಲೈನಲ್ಲಿ ಅವರು ಹುಬ್ಬಳ್ಳಿಯಿಂದ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳನ್ನು ಕರೆಸಿದರು. ಅವಳು ಇಡೀ ದಿನ ಕೂತು, ಇದ್ದದ್ದನ್ನೆಲ್ಲ ಅಳಿಸಿ, ಲಿನಕ್ಸ್ ಎಂಬುದನ್ನು ಹಾಕಿಕೊಟ್ಟಳು. ಮರುದಿನ ಗುಂಡಿ ಒತ್ತಿದರೆ ಪರದೆಯ ಮೇಲೆ ಹೊಟ್ಟೆ ಬಿಟ್ಟುಕೊಂಡ ಒಂದು ಪೆಂಗ್ವಿನ್ ಕೂತಿತ್ತು. ಬೂದು ಚೌಕ ಮತ್ತೆಂದೂ ಬರಲಿಲ್ಲ.

“ಇದು ಮುಕ್ತ ತಂತ್ರಾಂಶ,” ಎಂದರು ಸಿಸ್ಟರ್. “ಮಾಡಿದವರು ಬಾಗಿಲಿಗೆ ಬೀಗ ಹಾಕಲಿಲ್ಲ. ಒಳಗೆ ಹೇಗೆ ಉಂಟು ಅಂತ ನೋಡಬಹುದು, ಬೇಕಾದ ಹಾಗೆ ಬದಲಾಯಿಸಬಹುದು, ಗೆಳತಿಯರಿಗೆ ಕೊಡಬಹುದು. ಕೊಡುವಾಗ ಮಾತ್ರ ಒಳಗಿನದನ್ನೂ ಕೊಡಬೇಕು, ಮುಚ್ಚಿಟ್ಟು ಕೊಡುವ ಹಾಗಿಲ್ಲ. ಮತ್ತೆ ನಿಮಗಿಂತ ಮುಂಚೆ ಮಾಡಿದವರ ಹೆಸರು ಅಳಿಸುವ ಹಾಗಿಲ್ಲ.”

ನನ್ನ ಪಕ್ಕದಲ್ಲಿ ಕೂರುವ ಜಬೀನಾ ಕೈಯೆತ್ತಿದಳು. “ಪುಕಟ್ ಏನ್ರಿ ಸಿಸ್ಟರ್?”

“ಪುಕ್ಕಟೆಯೂ ಹೌದು. ದೊಡ್ಡ ಸಂಗತಿ ಅದಲ್ಲ ಮಾರಾಯ್ತಿ.”

ದೊಡ್ಡ ಸಂಗತಿ ಯಾವುದೆಂದು ನಮಗೆ ತಿಳಿದದ್ದು ನರಗುಂದದಿಂದ ಸಿ.ಡಿ. ಬಂದ ದಿನ. ನಮ್ಮ ಹಾಗೆಯೇ ನರಗುಂದದ ಒಂದು ಸಾಲೆಗೂ ರೋಣದ ಒಂದು ಸಾಲೆಗೂ ಆ ಹುಡುಗಿ ಲಿನಕ್ಸ್ ಹಾಕಿಕೊಟ್ಟಿದ್ದಳು. ಅದರಲ್ಲಿ ಆಮೆಯ ಆಟ ಒಂದಿತ್ತು. ಪರದೆಯ ನಡುವೆ ಒಂದು ಪುಟ್ಟ ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು, ಪೆನ್ನು ಎತ್ತು, ಪೆನ್ನು ಇಳಿಸು ಎಂದು ಬರೆದರೆ ಹಾಗೆಯೇ ಮಾಡುತ್ತ ಗೆರೆ ಎಳೆಯುತ್ತದೆ. ಒಂದು ಸಾಲೆಯ ಮಕ್ಕಳು ತಮ್ಮ ಆಮೆಗೆ ಕಲಿಸಿದ್ದನ್ನು ಸಿ.ಡಿ.ಗೆ ಹಾಕಿ ಮುಂದಿನ ಊರಿಗೆ ಕಳಿಸಬೇಕು. ಅವರು ತಮ್ಮದನ್ನು ಸೇರಿಸಿ ಅದರ ಮುಂದಿನ ಊರಿಗೆ.

ಸಿಸ್ಟರ್ ಸಿ.ಡಿ. ಹಾಕಿ, ‘ಹೊಲ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಗುಂಡಿ ಒತ್ತಿದರು. ನಮ್ಮ ಆಮೆಗೆ ಆ ಮಾತು ಗೊತ್ತಿರಲಿಲ್ಲ. ನರಗುಂದದಿಂದ ಬಂದ ಆಮೆಗೆ ಗೊತ್ತಿತ್ತು! ಸರಸರನೆ ಹೊರಟು ಸಾಲಿನ ಪಕ್ಕ ಸಾಲು ಎಳೆಯಿತು, ಒಡ್ಡು ಹಾಕಿತು, ಮೂಲೆಯಲ್ಲಿ ಒಂದು ಬನ್ನಿಗಿಡ ನಿಲ್ಲಿಸಿತು. ಇನ್ನೊಂದು ಗುಂಡಿ ಒತ್ತಿದರೆ ಪಕ್ಕದಲ್ಲಿ ಪುಟ ತೆರೆಯಿತು. ಆಮೆ ಇಟ್ಟ ಪ್ರತಿ ಹೆಜ್ಜೆಯೂ ಅಲ್ಲಿ ಬರೆದಿತ್ತು. ಮೇಲೆ ‘ರೇಣುಕಾ, ನರಗುಂದ’ ಎಂಬ ಹೆಸರು. ಕೊನೆಯಲ್ಲಿ, ಆಮೆ ಓದದೆ ದಾಟಿಹೋಗುವಂಥ ಒಂದು ಸಾಲು: “ಕಡೀ ಸಾಲು ಯಾಕ ಸೊಟ್ಟ ಆತು ನನಗ ಗೊತ್ತಾಗವಲ್ದು. ಗೊತ್ತಾದವರು ಸರಿ ಮಾಡ್ರಿ.”

ನಮ್ಮ ಸಾಲೆಯಲ್ಲಿ ತಪ್ಪನ್ನು ರಬ್ಬರಿನಿಂದ ಉಜ್ಜಿ, ಕಾಗದ ಹರಿದರೂ ಸರಿ, ಕಾಣದಂತೆ ಮಾಡಿಯೇ ಪುಸ್ತಕ ಕೊಡುತ್ತಿದ್ದೆವು. ನಾವು ಕಂಡರಿಯದ ಒಬ್ಬ ಹುಡುಗಿ ತನ್ನ ತಪ್ಪನ್ನು ತೋರಿಸಿ, ನಮ್ಮ ಕೈಗೆ ಬಿಟ್ಟು ಕೂತಿದ್ದಳು. ಜಬೀನಾ ಬಹಳ ಹೊತ್ತು ಆ ಸಾಲುಗಳನ್ನು ತುಟಿಯಲ್ಲೇ ಓದಿ, ಒಂದು ಅಂಕಿ ಬದಲಿಸಿ ಗುಂಡಿ ಒತ್ತಿದಳು. ನರಗುಂದದ ಹೊಲದ ಕಡೆಯ ಸಾಲು ನೆಟ್ಟಗಾಯಿತು.

ಇನ್ನು ನಮ್ಮ ಸರದಿ. ಸೋಮವಾರ ಮುಂಜಾನೆ ಸಿಸ್ಟರ್ ಲೂಸಿ ರೋಣಕ್ಕೆ ಹೋಗುವವರಿದ್ದರು. ಅಷ್ಟರೊಳಗೆ ನನ್ನ ಚಿತ್ರ ಮುಗಿದರೆ ಸಿ.ಡಿ.ಯಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಹಿಡಿದದ್ದು ನನ್ನ ಕುಂಚಿಗೆಯ ಗೋಪುರವನ್ನು.

ಕುಂಚಿಗೆ ಎಂದರೆ ಕೂಸಿನ ಟೊಪ್ಪಿಗೆ. ಬೆನ್ನ ಮೇಲೆ ಇಳಿಬೀಳುವ ಅಗಲದ ಬಟ್ಟೆಗೆಲ್ಲ ಕಸೂತಿ ಹಾಕಿರುತ್ತಾರೆ. ನನ್ನದನ್ನು ಹೊಲಿದವಳು ನೀಲವ್ವ ಆಯಿ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವಳದು. ಸಂಬಂಧಿಯಲ್ಲ; ಓಣಿಯ ಮಕ್ಕಳಿಗೆಲ್ಲ ಆಯಿ. ಗಂಡ ತೀರಿ ಎಷ್ಟೋ ವರ್ಷವಾಗಿತ್ತು. ಕುಂಚಿಗೆ, ಕುಬುಸದ ಕಸೂತಿಯಿಂದಲೇ ಬದುಕು ಸಾಗಿಸಿದವಳು. ಅವಳ ಗೋಪುರದ ಕುಂಚಿಗೆಗಾಗಿ ಸವಡಿ, ರಾಜೂರಿನಿಂದಲೂ ಬಸುರಿಯರ ತಾಯಂದಿರು ಬರುತ್ತಿದ್ದರು.

ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯೊಂದಿದೆ. ಸೂಜಿ ಒಂದು ಹೆಜ್ಜೆ ಬಟ್ಟೆಯ ಮೇಲೆ, ಇನ್ನೊಂದು ಹೆಜ್ಜೆ ಬಟ್ಟೆಯ ಕೆಳಗೆ ಹೋಗುತ್ತದೆ. ಹೋಗುವಾಗ ಬಿಟ್ಟ ಖಾಲಿ ಜಾಗವನ್ನು ಬರುವಾಗ ತುಂಬುತ್ತ, ಹೊರಟಲ್ಲಿಗೇ ಬಂದು ನಿಲ್ಲಬೇಕು. ಎಲ್ಲೂ ಗಂಟು ಹಾಕುವಂತಿಲ್ಲ. ದಾರಿ ಮೊದಲೇ ಗೊತ್ತಿಲ್ಲದಿದ್ದರೆ ಸೂಜಿ ನಡುವೆ ಸಿಕ್ಕಿಬೀಳುತ್ತದೆ; ಒಂದು ಕಡೆ ದಾರದ ಮೇಲೆ ದಾರ, ಮತ್ತೊಂದು ಕಡೆ ಬರಿಯ ಬಟ್ಟೆ. ನೀಲವ್ವ ಆಯಿಯ ಗೋಪುರವನ್ನು ಎದುರಿನಿಂದ ನೋಡಿ, ಎಳೆ ಎಣಿಸಿ ಹಾಕಹೋದ ಓಣಿಯ ಹೆಂಗಸರೆಲ್ಲ ಹೀಗೆ ಸಿಕ್ಕಿಬಿದ್ದವರೇ. ದಾರ ಎಲ್ಲಿ ಶುರುವಾಯಿತೆಂಬುದು ಹಿಂಬದಿಯಲ್ಲಿ ಮಾತ್ರ ತಿಳಿಯುತ್ತದೆ, ಮೊದಲ ತುದಿಯನ್ನು ಅಲ್ಲೇ ಹೊಲಿಗೆಯೊಳಗೆ ಅಡಗಿಸಿರುತ್ತಾರೆ. ಆಯಿ ಕಸೂತಿ ಮುಗಿದ ಕೂಡಲೇ ಹಿಂಬದಿಗೆ ಅಸ್ತರು ಹಚ್ಚಿ, ಸುತ್ತಲೂ ಸಣ್ಣ ಹೊಲಿಗೆ ಹಾಕಿ ಮುಚ್ಚಿಬಿಡುತ್ತಿದ್ದಳು. ಕೂಸಿಗೆ ಬೆಚ್ಚಗಿರಲಿ ಎಂದು ಅವಳ ಮಾತು. ನಿಜವಾದ ಕಾರಣ ಓಣಿಗೆಲ್ಲ ಗೊತ್ತಿತ್ತು.

ನನಗೆ ಬರಿಯ ಗೋಪುರದ ಚಿತ್ರ ಬೇಕಿರಲಿಲ್ಲ. ಅದನ್ನು ಯಾರೂ ಬಿಡಿಸಬಹುದು. ನನ್ನ ಆಮೆ ಸೂಜಿಯ ಹಾಗೆ ನಡೆಯಬೇಕಿತ್ತು. ಪೆನ್ನು ಇಳಿಸಿ ಒಂದು ಹೆಜ್ಜೆ, ಎತ್ತಿ ಒಂದು ಹೆಜ್ಜೆ, ತುದಿ ಮುಟ್ಟಿ ಹಿಂದಿರುಗಿ, ಬಿಟ್ಟದ್ದನ್ನೆಲ್ಲ ತುಂಬುತ್ತ ಮನೆಗೆ.

ಅಂದು ಸಾಲೆಗೆ ಹೋದರೆ ಕರೆಂಟ್ ಇರಲಿಲ್ಲ. ಕಿಟಕಿಯಿಂದ ಗುಡ್ಡದ ಸಾಲಿನ ಗಾಳಿಯಂತ್ರಗಳು ಕಾಣುತ್ತಿದ್ದವು.

“ಅಲ್ಲಿ ನೋಡಿದರ ಅಷ್ಟು ಫಂಕಾ ಗರಗರ ತಿರಗತಾವ, ನಮಗಽ ಕರೆಂಟ್ ಇಲ್ಲ,” ಎಂದಳು ಜಬೀನಾ. “ಎಲ್ಲಿಗೆ ಹೊಂಟೈತಿ ಅದೆಲ್ಲಾ?”

ಕರೆಂಟ್ ಬಂದಾಗ ಅರ್ಧ ಬೆಳಗು ಕಳೆದಿತ್ತು. ಬುಡದ ಎಡಮೂಲೆಯಿಂದ ಆಮೆಯನ್ನು ಹೊರಡಿಸಿದೆ. ಮೆಟ್ಟಿಲು ಹತ್ತಿ, ಕಳಸ ಮುಟ್ಟಿ ಹಿಂದಿರುಗಿತು. ಬಲಗಡೆಯ ಅಂಕಣ ತುಂಬಿತು, ಎಡಗಡೆ ಖಾಲಿ ಉಳಿಯಿತು. ಬದಲಿಸಿದೆ. ಎಡಗಡೆ ತುಂಬಿತು, ನಡುವಿನ ಬಾಗಿಲು ಖಾಲಿ. ಓಣಿಯ ಹೆಂಗಸರು ಸಿಕ್ಕಿಬಿದ್ದಲ್ಲೇ ನನ್ನ ಆಮೆಯೂ ಸಿಕ್ಕಿಬಿದ್ದಿತ್ತು. ಗಂಟೆ ಬಾರಿಸುವ ಹೊತ್ತು ಹತ್ತಿರ ಬಂದಿತ್ತು.

ಜಬೀನಾ ಕಿವಿಯಲ್ಲಿ ಉಸುರಿದಳು: “ಆ ಖಾಲಿ ಜಾಗಾಕ್ಕ ಒಂದು ಗೀಟು ಎಳದು ಬಿಡು. ಯಾರಿಗೆ ಗೊತ್ತಾಗತೈತಿ?”

“ಒಳಗ ತಗದು ನೋಡಿದವರಿಗೆ ಗೊತ್ತಾಗತೈತಿ.”

ಅವಳು ಸ್ವಲ್ಪ ಯೋಚಿಸಿ, “ಅದೂ ಖರೇನಽ,” ಎಂದಳು.

ಸಿಸ್ಟರ್ ಲೂಸಿ ನನ್ನ ಹಿಂದೆ ಬಗ್ಗಿ ನಿಂತು ನೋಡಿದರು. ತಮಗೂ ದಾರಿ ಹೊಳೆಯುತ್ತಿಲ್ಲವೆಂದು ಒಪ್ಪಿಕೊಂಡರು. “ಇದನ್ನು ಮೊದಲು ಹಾಕಿದವರು ಇದ್ದಾರಲ್ಲ, ಅವರನ್ನೇ ಕೇಳು.”

“ಆಕಿ ಹೇಳೂದಿಲ್ರಿ ಸಿಸ್ಟರ್. ಯಾರಿಗೂ ಹೇಳಿಲ್ಲ.”

“ನೀನು ಕೇಳಿದ್ದೀಯಾ?”

ಕೇಳಿರಲಿಲ್ಲ. ಅವರು ಕಾಗದದ ಒಂದು ಮಗ್ಗುಲಿಗೆ ನನ್ನ ಅರ್ಧಂಬರ್ಧ ಗೋಪುರವನ್ನೂ ಇನ್ನೊಂದು ಮಗ್ಗುಲಿಗೆ ನಾನು ಆಮೆಗೆ ಬರೆದ ಸಾಲುಗಳನ್ನೂ ಅಚ್ಚು ಹಾಕಿ ಕೊಟ್ಟರು. “ನಾಳೆ ಪ್ರಾರ್ಥನೆ ಮುಗಿದ ಮೇಲೆ ಕೋಣೆ ತೆರೆದಿಡುತ್ತೇನೆ. ಬರುವುದಾದರೆ ಬಾ.”

ಮಧ್ಯಾಹ್ನ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು. ಎರಡು ತುತ್ತಿಗೇ ಕೈತೊಳೆದು ಟ್ರಂಕು ತೆರೆದೆ. ಕುಂಚಿಗೆ ಅವ್ವನ ಮದುವೆಯ ಸೀರೆಯ ಕೆಳಗಿತ್ತು. ಕರಿ ಇಳಕಲ್ ಬಟ್ಟೆ, ಅದರ ಮೇಲೆ ಕೆಂಪು, ಹಳದಿ, ಹಸಿರು ದಾರ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಎಲ್ಲೋ ಕೂಸಿನ ತಲೆಯ ಎಣ್ಣೆಯ ವಾಸನೆ, ನನ್ನದೇ. ತಿರುಗಿಸಿದರೆ ಗುಲಾಬಿ ಅಸ್ತರು.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಹೋಗಿ ಕತ್ತರಿ ತಂದಿಟ್ಟಳು.

“ಅಂಚು ಬಿಚ್ಚಿ ನೋಡು. ಸಂಜೀಕ ಮತ್ತ ಹೊಲದರಾತು. ನಮ್ಮ ಸಾಮಾನು, ಯಾರನ್ನ ಏನ ಕೇಳೂದೈತಿ?”

ನಾನು ಕತ್ತರಿಯ ತುದಿಯನ್ನು ಅಂಚಿನ ಹೊಲಿಗೆಯ ಕೆಳಗೆ ತೂರಿಸಿದೆ. ಎಷ್ಟು ಸಣ್ಣ ಹೊಲಿಗೆ ಎಂದರೆ ತುದಿ ಹೋಗಲು ತಿಣುಕಿತು. ಒಂದು ಎಳೆ ಕತ್ತರಿಸಿದ್ದರೆ ಸಾಕಿತ್ತು. ಬೂದುಬಣ್ಣದ ಆ ಚೌಕ ಕಣ್ಣೆದುರು ಬಂತು, ಸಿಸ್ಟರ್ ಲೂಸಿಯವರ ಕೆಂಪು ಕಿವಿಗಳೂ ಬಂದವು. ಸೋಮವಾರ ಹೋಗುವ ಸಿ.ಡಿ.ಯಲ್ಲಿ ಎಲ್ಲವೂ ಕೇಳಿ, ಹೇಳಿ ಕೊಟ್ಟದ್ದೇ. ರೇಣುಕಾಳ ಹೊಲದ ಪಕ್ಕದಲ್ಲಿ ಇದು ಹೇಗೆ ನಿಂತೀತು?

“ಕೇಳಿ ಬರತೀನಿ ಬೇ.”

“ಹೋಗು ಹೋಗು. ನಿಮ್ಮ ಅಪ್ಪನ ಅವ್ವ ಕೇಳಿ ಕೇಳಿ ಸತ್ತಽ ಹೋದಳು. ನಿನಗ ಕೊಡತಾಳಂತ!”

ನೀಲವ್ವ ಆಯಿ ಕಿಟಕಿಯ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರವನ್ನು ತುಟಿಗಿಟ್ಟು ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಪೋಣಿಸುವವರೆಗೆ ನಾನು ಬಾಗಿಲಲ್ಲೇ ನಿಂತೆ.

“ಯಾರು, ಸುಮಿ ಏನು? ಕೈಯಾಗ ಏನದು?”

“ನನ್ನ ಕುಂಚಿಗಿ, ಆಯಿ.”

“ಯಾಕ, ಮತ್ತ ಹಾಕ್ಕೋಬೇಕಂತೇನು? ಈ ತಲೀಗೆ ಹಿಡಸೂದಿಲ್ಲ ಬಿಡು.”

ನಾನು ನಗಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಮೆ, ನರಗುಂದ, ಸೊಟ್ಟ ಸಾಲು, ಸೋಮವಾರ, ರೋಣದ ಬಸ್ಸು.

“ಆಮಿ ಯಾಕ? ನವಿಲು ಸಿಗಲಿಲ್ಲೇನು ನಿಮ್ಮ ಸಿಸ್ಟರ್‌ಗೆ?” ಎಂದಳು ಆಯಿ. ಆಮೇಲೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕೇಳಿದಳು: “ಈಗ ನಿನಗೇನ ಬೇಕು?”

“ಅಸ್ತರ ಬಿಚ್ಚಿ ನೋಡ್ಲ್ಯಾ?”

ಅವಳ ಮುಖದ ಸುಕ್ಕುಗಳು ಅಲ್ಲಲ್ಲೇ ನಿಂತವು.

“ನೀ ಶ್ಯಾಣ್ಯಾಕಿ ಅದಿ. ಕನ್ನಡ ಬರತೈತಿ, ಇಂಗ್ಲೀಷ್ ಬರತೈತಿ, ನಾಳೆ ಇನ್ನೊಂದು ಕಲೀತಿ. ನನಗ ಇದೊಂದಽ ಬರೂದು. ಇದನ್ನೂ ಊರಿಗೆಲ್ಲಾ ಹಂಚಿದರ ನನ್ನ ಬಾಗಲಕ್ಕ ಯಾರ ಬರತಾರ ಹೇಳು?”

ಅದನ್ನು ಈಗ ಕೇಳಿದರೂ ಪಟ್ಟನೆ ಹೇಳಲಾರೆ. ಹನ್ನೆರಡು ವರ್ಷದ ನಾನು ತಲೆ ಆಡಿಸಿ, ಕೈಯಲ್ಲಿದ್ದ ಕಾಗದವನ್ನು ಅವಳ ಮಡಿಲ ಬಳಿ ಇಟ್ಟೆ.

“ಇದೇನು?”

“ನಾ ಮಾಡಿದ್ದು. ಗೋಪುರ ನಿಂದಽ ಐತೆಲ್ಲಾ, ಅದಕ್ಕ ನಿನಗೊಂದು.”

ಅವಳು ಕಾಗದವನ್ನು ಬೆಳಕಿಗೆ ಹಿಡಿದು, ಮುರಿದ ಗೆರೆಗಳ ಗೋಪುರವನ್ನು ಬಹಳ ಹೊತ್ತು ನೋಡಿದಳು. ಅಭ್ಯಾಸ ಬಲದಿಂದ ತಿರುಗಿಸಿದಳು.

“ಹಿಂದ ಏನೋ ಬರದೈತಿ.”

“ಅದು ಇದರ ಒಳಗಿಂದು, ಆಯಿ. ನಾ ಆಮಿಗೆ ಹೇಳಿದ್ದೆಲ್ಲಾ. ಎಲ್ಲಿ ಸಿಕ್ಕಿಬಿತ್ತು ಅದೂ ಐತಿ. ಯಾರಿಗೆ ಕೊಟ್ಟರೂ ಅದನ್ನೂ ಕೊಡಬೇಕಂತ.”

“ನನಗ ಓದಾಕ ಬರೂದಿಲ್ಲಲ್ಲಬೇ.”

“ಬರದಿದ್ದರೂ ಕೊಡಬೇಕಂತ.”

ಆಯಿ ನನ್ನ ಮುಖ ನೋಡಿದಳು, ಕಾಗದ ನೋಡಿದಳು. ಮತ್ತೆ ಮಾತು ಬದಲಿಸಿ, “ಕುಂಚಿಗಿ ಇಲ್ಲೇ ಇಟ್ಟು ಹೋಗು,” ಎಂದಳು.

ಮನೆಗೆ ಬರುವ ಆ ನಾಲ್ಕು ಹೆಜ್ಜೆ ದಾರಿಯಲ್ಲಿ ನನ್ನ ಕೈ ಖಾಲಿಯಾಗಿತ್ತು. ಕಾಗದವೂ ಹೋಯಿತು, ಕುಂಚಿಗೆಯೂ ಹೋಯಿತು. ನಾನು ಕತ್ತರಿ ಹಾಕಿಯೇನೆಂದು ಹೆದರಿ ಅದನ್ನೂ ವಾಪಸು ಇಟ್ಟುಕೊಂಡಳು ಎಂದುಕೊಂಡೆ. ಬರಿಗೈ ಕಂಡೇ ಅವ್ವನಿಗೆ ತಿಳಿಯಿತು. ಸಂಜೆ ಜಬೀನಾ ಅಣಿಕಲ್ಲು ಆಡಲು ಬಂದಳು. ನಾನು ಎಸೆದ ಕಲ್ಲು ಒಂದೂ ಕೈಗೆ ಮರಳಲಿಲ್ಲ. “ಹೂವು ಬಿಡಿಸೂನು ತಗೋ ನಾಳೆ, ಸೂರ್ಯಪಾನದ್ದು,” ಎಂದು ಸಮಾಧಾನ ಹೇಳಿ ಹೋದಳು ಪಾಪ.

ನಾನೀಗ ಇರುವುದು ರೋಣದಲ್ಲಿ. ಮದುವೆಯಾಗಿ ಬಂದವಳು, ಎರಡನೆಯ ಇಯತ್ತೆಯ ಮಗಳ ತಾಯಿ. ಮಗಳ ಕಲಿಕೆ ಈಗ ನನ್ನ ಫೋನಿನಲ್ಲಿದೆ. ಬಹಳ ಚೆಂದದ ಆ್ಯಪು. ಹಾಡುತ್ತದೆ, ಚಪ್ಪಾಳೆ ತಟ್ಟುತ್ತದೆ, ಸರಿ ಉತ್ತರಕ್ಕೆ ನಕ್ಷತ್ರ ಉದುರಿಸುತ್ತದೆ. ಅರ್ಧ ಪಾಠವಾದ ಮೇಲೆ ಬೀಗದ ಚಿತ್ರವೊಂದು ಬಂದು ಮುಂದಿನದಕ್ಕೆ ಹಣ ಕೇಳುತ್ತದೆ, ಕೊಡುತ್ತೇನೆ. ಆದರೆ ಮೊನ್ನೆ ಮಗಳು, “ಮಮ್ಮಿ, ನಾ ತಪ್ಪು ಹೇಳಿದ್ದು ಇದಕ್ಕ ಹ್ಯಾಂಗ ಗೊತ್ತಾತು?” ಎಂದು ಕೇಳಿದಾಗ, ಎಲ್ಲಿ ಒತ್ತಿ ತೋರಿಸಲಿ ಎಂದು ಪರದೆಯ ಮೇಲೆಲ್ಲ ಬೆರಳಾಡಿಸಿದೆ. ಒಳಗೆ ಹೋಗುವ ಗುಂಡಿ ಎಲ್ಲೂ ಇರಲಿಲ್ಲ. ಪೇಟೆಯಲ್ಲಿ ಕುಂಚಿಗೆ ಈಗಲೂ ಸಿಗುತ್ತದೆ, ಯಂತ್ರದ ಕಸೂತಿ, ತಿರುಗಿಸಿದರೆ ಬಿಳಿ ಕಾಗದ ಅಂಟಿಸಿದ ಹಿಂಬದಿ. ಎಳೆದರೆ ಎಲ್ಲ ದಾರವೂ ಒಟ್ಟಿಗೇ ಬರುತ್ತದೆ. ನೀಲವ್ವ ಆಯಿ ಇಲ್ಲ. ಬಾಗಿಲಿಗೆ ಬರುವವರು ಅವಳ ಕೊನೆಯವರೆಗೂ ಬರುತ್ತಲೇ ಇದ್ದರು. ಅದೊಂದು ನನ್ನ ಮನಸ್ಸಿಗೆ ನೆಮ್ಮದಿ.

ಆ ಸಿ.ಡಿ.ಯ ಒಂದು ಪ್ರತಿ ನನ್ನ ಬಳಿ ಇದೆ, ವರ್ಷದ ಕೊನೆಗೆ ಮೂರೂ ಊರು ಸುತ್ತಿ ಬಂದದ್ದು. ಅದನ್ನು ತೂರಿಸುವ ಸೀಳು ಈಗ ನಮ್ಮ ಮನೆಯ ಯಾವ ಯಂತ್ರದಲ್ಲೂ ಇಲ್ಲ. ಮಗಳು ಅದನ್ನು ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಕಾಮನಬಿಲ್ಲು ಬೀಳಿಸುತ್ತಾಳೆ. ಅದರೊಳಗೆ ಏನೇನಿದೆ ಎಂದು ನನಗೆ ಬಾಯಿಪಾಠ. ರೇಣುಕಾಳ ಹೊಲ, ಜಬೀನಾ ನೆಟ್ಟಗೆ ಮಾಡಿದ ಸಾಲು. ಆಮೇಲೆ ಒಂದು ಗೋಪುರ. ಆಮೆ ಬುಡದಿಂದಲ್ಲ, ನಡುವಿನ ಬಾಗಿಲಿನಿಂದ ಹೊರಡುತ್ತದೆ. ಪ್ರತಿ ಕವಲಿಗೂ ಹೋಗಿ, ಕಳಸ ಮುಟ್ಟಿ, ಬಿಟ್ಟದ್ದನ್ನೆಲ್ಲ ತುಂಬುತ್ತ ಬಾಗಿಲಿಗೇ ಬಂದು ನಿಲ್ಲುತ್ತದೆ. ಪುಟ ತೆರೆದರೆ ಮೊದಲ ಸಾಲು: “ಗೋಪುರ ಗಜೇಂದ್ರಗಡದ ನೀಲವ್ವ ಆಯಿದು. ದಾರಿನೂ ಆಕಿದಽ.” ಆ ಗೋಪುರದ ಕಳಸದ ಮೇಲೆ ಒಂದು ಗಿಣಿ ಕೂತಿದೆ. ಅದನ್ನು ನಾನು ಹಾಕಿದ್ದಲ್ಲ. ರೋಣದ ಯಾರೋ ಹುಡುಗಿ ಸೇರಿಸಿದ್ದು. ತನ್ನ ಹೆಸರು ಬರೆಯಲು ಮರೆತಿದ್ದಾಳೆ. ನಮ್ಮ ಹೆಸರುಗಳನ್ನು ಮಾತ್ರ ಒಂದಕ್ಷರ ಅಳಿಸದೆ ಹಾಗೆಯೇ ಬಿಟ್ಟಿದ್ದಾಳೆ. ಇಲ್ಲಿ ಕಾಯಿಪಲ್ಲೆ ಕೊಳ್ಳುವಾಗ, ಬಸ್ಸಿಗೆ ಕಾಯುವಾಗ, ನನ್ನ ವಯಸ್ಸಿನ ಹೆಂಗಸು ಪಕ್ಕದಲ್ಲಿ ನಿಂತರೆ ಇವಳೇ ಇರಬಹುದೇ ಎಂದು ಮುಖ ನೋಡುತ್ತೇನೆ. ಇನ್ನೂ ಯಾರನ್ನೂ ಕೇಳಿಲ್ಲ.

ಆ ಶನಿವಾರ ಸಂಜೆ, ಜಬೀನಾ ಹೋದ ಮೇಲೆ, ಅವ್ವ ದೀಪ ಹಚ್ಚುತ್ತಿದ್ದಳು. ನಾನು ಹೊಸ್ತಿಲ ಬಳಿ ಕೂತು, ಮುಂಜಾನೆ ಕಾಳಿನಲ್ಲಿ ಗೀಚಿದ್ದು ಇನ್ನೂ ಹಾಗೆಯೇ ಇದ್ದುದನ್ನು ಅಂಗೈಯಿಂದ ಒರೆಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನೀಲವ್ವ ಆಯಿ ಒಳಗೆ ಬರಲಿಲ್ಲ. ಕುಂಚಿಗೆಯನ್ನು ನನ್ನ ಮಡಿಲಿಗೆ ಹಾಕಿದಳು. ಅದು ಹಗುರಾಗಿತ್ತು. ತಿರುಗಿಸಿದೆ. ಗುಲಾಬಿ ಬಟ್ಟೆ ಇರಲಿಲ್ಲ. ದೀಪದ ಬೆಳಕಿನಲ್ಲಿ ಗೋಪುರದ ಬೆನ್ನು, ಎದುರಿನಷ್ಟೇ ಚೊಕ್ಕಟ. ನಡುವಿನ ಬಾಗಿಲ ಹತ್ತಿರ ಮಾತ್ರ ಹೊಲಿಗೆಯ ಒಳಗೆ ತೂರಿಸಿದ ಕೆಂಪು ದಾರದ ಒಂದು ತುದಿ. ಕಾಗದ ಅದರ ಜೊತೆಗಿರಲಿಲ್ಲ, ಅದನ್ನು ಅವಳು ಇಟ್ಟುಕೊಂಡಿದ್ದಳು.

“ಆಯಿ...” ಎಂದೆ. ಅಷ್ಟರಲ್ಲಿ ಅವಳು ಬೆನ್ನು ತಿರುಗಿಸಿ, ಒಳಗಿದ್ದ ಅವ್ವನಿಗೆ ಹೇಳುವವಳ ಹಾಗೆ, ಹೋಗುತ್ತ ಹೋಗುತ್ತ ಅಂದಳು:

“ಅಸ್ತರ ಭಾಳ ಹಳೇದಾಗಿತ್ತು ಬೇ, ಮುಟ್ಟಿದ್ದಕ್ಕ ಪಿಸದು ಬಂತು. ಮನ್ಯಾಗ ಹೊಸಾ ಅರಿಬಿ ಇಲ್ಲ. ಸಂತಿಗೆ ಹೋದಾಗ ತಂದು ಹಚ್ಚತೀನಿ, ಅಲ್ಲೀಮಟ ಹಂಗಽ ಇರಲಿ.”